ಕಾಲಿಗೆ ಕಟ್ಟಿದ ಮೊರ

ಕಾಲಿಗೆ ಮೊರ ಕಟ್ಟಿಕೊಂಡು ಹೊರಟಿದ್ದೇವೆ,
ನಾನು ಮತ್ತು ಯಾಸುನೊ.
ನಗಬೇಡಿ, ಮೊರವಲ್ಲದೆ ಮತ್ತೇನು ಇದು?
ಬಗ್ಗಿಸಿ ಕಟ್ಟಿದ ಕಾಡುಬಳ್ಳಿ, ನಡುವೆ ಹೆಣೆದ ಹಗ್ಗ.
ಕೇರುವುದು ಮಾತ್ರ ನಮ್ಮನ್ನೇ,
ಅದೂ ತಿರುಗುಮುರುಗು:
ಹಗುರಾದದ್ದು ಮೇಲೆ ಉಳಿಯುತ್ತದೆ,
ಗಟ್ಟಿಕಾಳು ಸೊಂಟದವರೆಗೆ ಹೂತುಹೋಗುತ್ತದೆ.
ಯಾಸುನೊ ಕಾಲಲ್ಲಿ ಅಂಗಡಿಯ ಅಲ್ಯುಮಿನಿಯಂ.
ನನ್ನವು ಅತ್ತೆ ತೊಮೆಯವು.

ರಾವುಸು ಬಂದರು ಹದಿನೆಂಟು ದಿನದಿಂದ
ಬಾಯಿ ಕಟ್ಟಿಕೊಂಡು ಕೂತಿದೆ.
ಉತ್ತರದಿಂದ ತೇಲಿ ಬಂದ ಮಂಜುಗಡ್ಡೆ
ಹೇಳದೆ ಕೇಳದೆ ಬಂದ ನೆಂಟರ ಹಾಗೆ
ಕಾಲು ಚಾಚಿ ಜಾಗವೆಲ್ಲ ಹಿಡಿದಿದೆ.
ಗಂಡಸರು ಒಲೆಯ ಸುತ್ತ ಕೂತು
ಹರಿಯದ ಬಲೆಯನ್ನೂ ಹೊಲಿಯುತ್ತಿದ್ದಾರೆ.
ಯಾರಾದರೂ ಹತ್ತಿ ನೋಡಿ ಬರಬೇಕು,
ಎಲ್ಲಿ ಬಿರುಕು, ಎಲ್ಲಿ ನೀಲಿ ಗೆರೆ,
ಎತ್ತ ಸರಿಯುತ್ತಿದೆ ಆ ಬಿಳಿ ಹಿಂಡು.
ರೇಡಿಯೋ ಹೇಳುತ್ತದೆ, ಹೌದು.
ಆದರೆ ರೇಡಿಯೋಗೆ ಮಂಡಿ ನೋಯುವುದಿಲ್ಲ.
ಮಂಡಿ ನೋಯದವರ ಮಾತನ್ನು ನಮ್ಮೂರು ನಂಬುವುದಿಲ್ಲ.

ಮೊದಲ ಗಂಟೆ ಭೂರ್ಜಗಳ ನಡುವೆ.
ಗಾಳಿಯೊಡನೆ ಜಗಳವಾಡಿ ಸೋತು
ಎಲ್ಲ ಒಂದೇ ಕಡೆ ಮುಖ ತಿರುಗಿಸಿಕೊಂಡ ಮರಗಳು.
ಎರಡನೆಯ ಗಂಟೆ ಮಾತಿಲ್ಲ.
ಒಬ್ಬಳು ಅರವತ್ತು ಹೆಜ್ಜೆ ಹಿಮ ತುಳಿದು ದಾರಿ ಮಾಡುವುದು,
ಪಕ್ಕಕ್ಕೆ ಸರಿಯುವುದು, ಇನ್ನೊಬ್ಬಳು ಮುಂದಾಗುವುದು.
ಯಾಸುನೊ ಪ್ರತಿ ಸಲ ಐವತ್ತೆಂಟಕ್ಕೇ ನಿಲ್ಲುತ್ತಾಳೆ.
ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು.
ಮೂವತ್ತು ಬೇಸಿಗೆ ಒಂದೇ ಚಾಪೆಯಲ್ಲಿ ಕೂತು
ಕಡಲಪಾಚಿ ಮಡಿಸಿದವರ ನಡುವೆ
ಎರಡು ಹೆಜ್ಜೆಯ ಲೆಕ್ಕವೇ?

ಕಡಿದಾದಲ್ಲಿ ಒಮ್ಮೆ
ಕಾಲಡಿಯ ಹಿಮ ‘ಹೂಂ’ ಎಂದಿತು,
ಕತೆ ಕೇಳುತ್ತ ಮಗು ನಿದ್ದೆಗಣ್ಣಲ್ಲಿ ಹೂಂಗುಟ್ಟಿದ ಹಾಗೆ.
ಇಬ್ಬರೂ ಕಲ್ಲಾದೆವು.
ಗುಡ್ಡ ಒಳಗೊಳಗೇ ಒಮ್ಮೆ ಕುಸಿದು,
ಮಗ್ಗುಲು ಬದಲಿಸಿ, ಮತ್ತೆ ಮಲಗಿತು.
ಬಲಕ್ಕೆ ಸರಿದು, ಕುಳ್ಳ ಪೈನ್ ಪೊದೆಗಳ ತಲೆ ತಡಕುತ್ತ
ನಾಲ್ಕು ಕಾಲಲ್ಲಿ ಏರಿದೆವು,
ಘನತೆ ಗಿನತೆ ಎಲ್ಲ ಕೆಳಗೇ ಬಿಟ್ಟು.

ಆಮೇಲೆ ಏರಲು ಏನೂ ಉಳಿದಿರಲಿಲ್ಲ.

ಬೆನ್ನ ಹಿಂದೆ ರಾವುಸು ಶಿಖರ, ಬಿಸಿಲಿಗೆ ಸುರಿದ ಉಪ್ಪಿನ ರಾಶಿ.
ಮುಂದೆ, ಕಡಲಿರಬೇಕಾದಲ್ಲಿ, ಒಡೆದ ಪಿಂಗಾಣಿ,
ತುಂಡಿಗೊಂದರಂತೆ ಕಡಲಹದ್ದು.
ಅದರಾಚೆ ಕುನಾಶಿರಿ.
ತೊಮೆ ಹುಟ್ಟಿದ ದ್ವೀಪ.
ಒಂಬತ್ತು ವರ್ಷದವಳನ್ನು ದೋಣಿಗೆ ಹತ್ತಿಸಿದಾಗ
ಅವಳ ಕೈಲಿದ್ದದ್ದು ಅಪ್ಪ ಹೆಣೆದ ಈ ಮೊರಗಳು.
ಬೇಸಿಗೆಯಲ್ಲಿ! ಎಲ್ಲರೂ ನಕ್ಕಿದ್ದರಂತೆ.
ಕಣ್ಣಿಗೆ ಪೊರೆ ಬಂದ ಮೇಲೆ ಅವಳು
ಬೆಟ್ಟ ಇಳಿದು ಬಂದ ನನ್ನನ್ನು ಕೇಳುವುದು ಒಂದೇ:
ಹೊಗೆ ಕಂಡಿತೇ? ನಮ್ಮ ಒಲೆ ಉರಿಯುತ್ತಿದೆಯೇ?

ಈ ವರ್ಷ ದಡದಿಂದ ದಡಕ್ಕೆ ಬಿಳಿ, ಸೇತುವೆಯಂತೆ.
‘ಈಗ ಹೊರಟರೆ ನಾಳೆ ಮುಟ್ಟಬಹುದು,’
ಅನ್ನದುಂಡೆಯನ್ನು ಕಂಕುಳಲ್ಲಿ ಕರಗಿಸುತ್ತ ಯಾಸುನೊ ಅಂದಳು.
ಅವಳದು ತಮಾಷೆ.
ನನ್ನ ಕಾಲು ಮಾತ್ರ ಅತ್ತಲೇ ತಿರುಗಿತ್ತು.

ಆಗ ಕಂಡದ್ದು.
ನಡುಗಡಲಿನಲ್ಲಿ ಕೂದಲೆಳೆಯಷ್ಟು ನೀಲಿ,
ನೋಡುತ್ತಿದ್ದಂತೆ ಬೆರಳಷ್ಟು,
ಅನ್ನ ತಿಂದು ಮುಗಿಸುವಷ್ಟರಲ್ಲಿ ಒಂದು ಓಣಿ.
ಯಾಸುನೊ ಕೂಗಿ ಕುಣಿದಳು. ದೋಣಿಗಳು ಇಳಿಯುತ್ತವೆ!
ನಾನೂ ಕೂಗಿದೆ.
ಅದಕ್ಕಾಗಿಯೇ ಅಲ್ಲವೇ ಬಂದದ್ದು.

ಇಳಿದ ಮೇಲೆ ಗಂಡಸರಿಗೆ ಹೇಳಿದೆ, ಮೂರು ದಿನ.
ತೊಮೆಗೆ ಹೇಳಿದೆ, ಕಂಡಿತು, ಸಣ್ಣಗೆ, ನೇರವಾಗಿ ಏಳುತ್ತಿತ್ತು.
ಅವಳು ತಲೆಯಾಡಿಸಲಿಲ್ಲ.
ನನ್ನ ಕಾಲಿನ ಒದ್ದೆ ಹಗ್ಗವನ್ನು ಬೆರಳಲ್ಲಿ ಓದುತ್ತ
‘ಎಡಗಡೆಯದು ಸಡಿಲವಾಗಿದೆ’ ಎಂದು
ಬಿಚ್ಚಿ ಕಟ್ಟತೊಡಗಿದಳು.