ಹನ್ನೆರಡು ನಂಬರ್ ಸ್ಪ್ಯಾನರ್

ನಾಪೋಕ್ಲುವಿನಲ್ಲಿ ಫೆಬ್ರವರಿ ಅಂದರೆ
ನನ್ನ ಅಂಗಡಿ ಮುಂದೆ ಪಂಪ್‌ಸೆಟ್ಟುಗಳ ಸಾಲು.
ಹೂಮಳೆ ಬಂದಿಲ್ಲ, ಕಾಫಿಗೆ ನೀರು ಹಾಯಿಸಬೇಕು,
ಎಲ್ಲರಿಗೂ ಇವತ್ತೇ ಬೇಕು, ಈಗಲೇ ಬೇಕು.
ಬಿಚ್ಚುವುದು, ಸುತ್ತುವುದು, ಬಿಗಿಯುವುದು:
ಕೆಟ್ಟದ್ದು ಕಂಡರೆ ಕೈ ಸುಮ್ಮನಿರದ ಕಸುಬು ನನ್ನದು.

ಅಂಗಡಿ ಹಿಂದಿನ ಕಣದಲ್ಲಿ
ಕಾಫಿ ಮೂಟೆ ಸೇರಿದ ಮೇಲೆ ಹಾಕಿ ಆಟ.
ದೇಚು, ಸಫ್ವಾನ್, ಲೈನ್‌ಮನೆಯ ಬೊಳ್ಳ,
ಮೂವರಿಗೂ ಸೇರಿ ಒಂದೂವರೆ ಸ್ಟಿಕ್ಕು,
ಆ ಅರ್ಧ, ಗೋಲು ಕಾಯುವವನ ಪಾಲು.
ಮೊನ್ನೆ ಚೆಂಡು ಉರುಳಿ ಉರುಳಿ
ಮೂಲೆಯಲ್ಲಿ ನೀರು ಹೋಗುವ ಪೈಪಿನ ಬಾಯಿಗೆ ಬಿತ್ತು.
ಟಕ್, ಟಕ್. ಆಮೇಲೆ ಸದ್ದಿಲ್ಲ.

ಎಲ್ಬೋ ಹತ್ತಿರ ಸಿಕ್ಕಿಕೊಂಡಿದೆ, ನನಗೆ ಗೊತ್ತು.
ಅಲ್ಲಿ ವರ್ಷದ ತರಗೆಲೆ, ಕಾಫಿ ಸಿಪ್ಪೆ ಕೂತಿದೆ.
ಕ್ಲಾಂಪಿನ ಎರಡು ಬೋಲ್ಟು, ಹನ್ನೆರಡು ನಂಬರ್ ಸ್ಪ್ಯಾನರ್,
ಎರಡು ನಿಮಿಷ.
ಸ್ಪ್ಯಾನರ್ ಕೈಯಲ್ಲೇ ಇತ್ತು.
ಎದ್ದೆ. ಬಾಗಿಲ ತನಕ ಹೋದೆ.

"ಬಿಡು, ನಿನ್ನಿಂದಾಗೋಲ್ಲ, ಕೊಡಿಲ್ಲಿ"
ಅನ್ನುತ್ತಿದ್ದ ನನ್ನಪ್ಪ, ಪ್ರೀತಿಯಿಂದಲೇ.
ಬುಗುರಿಗೆ ದಾರ ಸುತ್ತಿಕೊಟ್ಟ, ಗಂಟು ಬಿಡಿಸಿಕೊಟ್ಟ,
ಲೆಕ್ಕದ ಕೊನೇ ಸಾಲು ಬರೆದುಕೊಟ್ಟ.
ಅವನು ಹೋದ ವರ್ಷ, ಇಪ್ಪತ್ತಾರರ ನಾನು
ಫ್ಯೂಸು ಹಾರಿದ ಮನೆಯಲ್ಲಿ
ಕತ್ತಲಲ್ಲಿ ಕೂತಿದ್ದೆ, ಯಾರಾದರೂ ಬರಲಿ ಅಂತ.
ಆಮೇಲೆ ಕಲಿತೆ. ಕಲಿತದ್ದೆಲ್ಲ ಶಾಕ್ ಹೊಡೆಸಿಕೊಂಡೇ.

ಬಾಗಿಲಿಗೆ ಒರಗಿ ಕೇಳಿದೆ, ಅಷ್ಟೆ:
"ಏನೇನು ಮಾಡಿ ನೋಡಿದಿರಿ?"

ಕೋಲು ತೂರಿಸಿದ್ದರು; ಕೋಲು ಬಗ್ಗಲಿಲ್ಲ.
ಬಗ್ಗುವ ಬಳ್ಳಿ ತಂದರು; ಬಳ್ಳಿ ಹಿಡಿಯಲಿಲ್ಲ.
ಸಫ್ವಾನ್ ಎಳೆ ಹಲಸಿನ ತೊಟ್ಟು ಮುರಿದು
ಬಳ್ಳಿಯ ತುದಿಗೆ ಅಂಟು ಮೆತ್ತಿದ.
ಅಂಟು ಅವನ ಕೂದಲಿಗೆ ಹತ್ತಿತು, ಚೆಂಡಿಗಲ್ಲ.
ಎಣ್ಣೆ ಹಚ್ಚಿ ಬಿಡಿಸಿದ್ದು ಅವನ ಉಮ್ಮ,
ಬೈಗುಳ ನನ್ನ ಅಂಗಡಿವರೆಗೂ ಬಂತು.

ನೀರು ತುಂಬಿಸೋಣ, ತೇಲಿ ಬರುತ್ತೆ, ಅಂದಳು ದೇಚು.
ಕೆಳಗೆ ಗದ್ದೆ ಬದಿಗೆ ಓಡಿ, ಪೈಪಿನ ಇನ್ನೊಂದು ಬಾಯಿಗೆ
ಹಳೇ ಗೋಣಿ ತುರುಕಿ, ಮಣ್ಣು ಮೆತ್ತಿ,
ಕೊಡದಲ್ಲಿ, ಬಕೆಟಿನಲ್ಲಿ, ಕೊನೆಗೆ ನನ್ನ ಚಹಾ ಪಾತ್ರೆಯಲ್ಲಿ
ನೀರು ಹೊತ್ತು ಹೊತ್ತು ಸುರಿದರು.
ತುಂಬಿತು. ಮೂರು ತಲೆ ಬಗ್ಗಿದವು.
ತರಗೆಲೆ ತೇಲಿತು. ಒಂದು ಸತ್ತ ಜಿರಲೆ ತೇಲಿತು.
ಹಾಕಿ ಚೆಂಡು ಕಲ್ಲಿನ ಹಾಗೆ, ಅದೆಲ್ಲಿ ತೇಲೀತು?
ಅದೂ ನನಗೆ ಗೊತ್ತಿತ್ತು. ನಾಲಿಗೆ ಕಚ್ಚಿ ಹಿಡಿದಿದ್ದೆ.
ದೇಚುವಿನ ಕಣ್ಣು ತುಂಬಿದ್ದು ಕಂಡಾಗ
ಸ್ಪ್ಯಾನರ್ ಬಿಸಿಯಾಯಿತು ಅಂಗೈಯಲ್ಲಿ.

ಆಗ ಬೊಳ್ಳ, ಐದು ವರ್ಷ, ಮೂಗು ಒರೆಸುತ್ತ:
"ಹೋದ ದಾರೀಲೇ ವಾಪಸ್ ಬರ್ಬೇಕಾ ಅದು?"

ಯಾರೂ ಮಾತಾಡಲಿಲ್ಲ ಒಂದು ಗಳಿಗೆ.
ಆಮೇಲೆ ಆರು ಕಾಲು ಇಳಿಜಾರಿನಲ್ಲಿ
ದಡಬಡ ಓಡಿದ ಸದ್ದು.
ಗೋಣಿ ಎಳೆದರು.
ಅಷ್ಟೊಂದು ಹೊತ್ತು ತಂದ ನೀರು,
ಸೋತ ಉಪಾಯದ ನೀರು,
ಒಂದೇ ಉಸಿರಿಗೆ ನುಗ್ಗಿತು:
ಎಲೆ, ಸಿಪ್ಪೆ, ಕೆಸರು,
ಬೊಳ್ಳನ ಕಾಲ ಬುಡಕ್ಕೆ ಚೆಂಡು.

ಇಪ್ಪತ್ತು ವರ್ಷ ಪೈಪುಗಳ ಜೊತೆ ಬದುಕಿದವನಿಗೆ
ಹೊಳೆದಿರಲಿಲ್ಲ ಅದು.
ನನ್ನ ತಲೆ ಬೋಲ್ಟಿನಲ್ಲೇ ಇತ್ತು.

ಆ ರಾತ್ರಿ ಒಂದು ಮೋಟಾರು ಸತಾಯಿಸುತ್ತಿತ್ತು.
ವೈಂಡಿಂಗ್ ಸರಿ, ಬೇರಿಂಗ್ ಸರಿ,
ಆದರೂ ಗುಂಯ್ ಅಂದು ನಿಲ್ಲುತ್ತದೆ, ಮೂರು ದಿನದಿಂದ.
ದೇಚು ಕಡಂಬುಟ್ಟಿನ ತಟ್ಟೆ ಹಿಡಿದು ಬಂದಳು.
ಉಂಡೆ ಅವಳೇ ಕಟ್ಟಿದ್ದು, ಒಂದು ನಿಂಬೆ, ಒಂದು ಚಕೋತ.
ದೊಡ್ಡದರ ಒಳಗು ಬೆಂದಿರಲಿಲ್ಲ.
"ನಾಳೆ ಚಿಕ್ಕದು ಮಾಡ್ತೀನಿ" ಅಂದಳು
ನಾನು ಬಾಯಿ ತೆರೆಯುವ ಮೊದಲೇ.
ಸ್ಟೂಲು ಎಳೆದು ಕೂತು, ಟಾರ್ಚು ಹಿಡಿದು,
ಥೇಟ್ ನನ್ನದೇ ದನಿಯಲ್ಲಿ:
"ಏನೇನು ಮಾಡಿ ನೋಡಿದೆ, ಅಪ್ಪ?"

ಹೇಳತೊಡಗಿದೆ, ಮೊದಲಿಂದ.
ಮೋಟಾರು ಆ ರಾತ್ರಿಯೂ ತಿರುಗಲಿಲ್ಲ.