ಓದಿನ ವಯಸ್ಸು

ಪರೀಕ್ಷೆಯ ಕಾಗದದ ಪ್ರಕಾರ
ಬ್ರೇಡನ್ ಸ್ಕೆಲ್ಟನ್‌ಗೆ ಹದಿನಾಲ್ಕೂವರೆ,
ಅವನ ಓದಿಗೆ ಒಂಬತ್ತು ವರ್ಷ ಎರಡು ತಿಂಗಳು.
ಉಳಿದ ಐದು ವರ್ಷ ಎಲ್ಲಿ ಬಿಟ್ಟು ಬಂದೆಯೋ ಮಾರಾಯ
ಎಂದು ಕೇಳಬೇಕೆನಿಸುತ್ತದೆ; ಕೇಳುವುದಿಲ್ಲ.
ಗ್ರಿಮ್ಸ್‌ಬಿಯ ಈ ಶಾಲೆಯಲ್ಲಿ ನಾನು
ಪುಸ್ತಕಕ್ಕೆ ಮುದ್ರೆ ಒತ್ತುವವಳು,
ಒದ್ದೆ ಕೋಟುಗಳ ವಾಸನೆಯಲ್ಲಿ ಕಪಾಟು ಒರೆಸುವವಳು.

ಸಮೀಕ್ಷೆಯ ಹಾಳೆ ಹಂಚಿದೆ:
ದಿನಕ್ಕೆ ಎಷ್ಟು ನಿಮಿಷ ಓದುತ್ತೀ?
ಬ್ರೇಡನ್ ಬರೆದ, ದುಂಡಗೆ, ಸೊನ್ನೆ.
ಲಿಥುವೇನಿಯಾದ ಉಗ್ನೆ ಬರೆದಳು:
ಲೆಕ್ಕ ಇಟ್ಟಿಲ್ಲ. ಮೀನಿನ ಕಾರ್ಖಾನೆಯಿಂದ
ಅಮ್ಮ ಬರುವ ತನಕ.

ಉಪಮುಖ್ಯೋಪಾಧ್ಯಾಯಿನಿ ಗೋಡೆಗೆ ಗ್ರಾಫು ಅಂಟಿಸಿದ್ದಾರೆ.
ಓದು ಏರಿದಂತೆ ಅಂಕ ಏರುತ್ತದೆ.
ಸುಳ್ಳಲ್ಲ. ಚುಕ್ಕಿಗಳು ಹೆಚ್ಚುಕಡಿಮೆ ಸಾಲಾಗಿಯೇ ನಿಂತಿವೆ
ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.
ವಾರಕ್ಕೆ ನಾಲ್ಕು ಪುಸ್ತಕ ಮುಗಿಸುವ ಉಗ್ನೆ ಮಾತ್ರ
ಗೆರೆಗಿಂತ ಒಂದು ಗೇಣು ಕೆಳಗೆ;
ಗಣಿತದ ಪಾಠದಲ್ಲೂ ಡೆಸ್ಕಿನಡಿ ಕಾದಂಬರಿ ಬಿಚ್ಚಿ
ಮೊನ್ನೆ ಮತ್ತೆ ಸಿಕ್ಕಿಬಿದ್ದಳು.

ದಾವಣಗೆರೆಯಲ್ಲಿ ನಮ್ಮಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು:
‘ಓದೋದು ಬಿಟ್ಟು ಓದ್ಕೋ ಹೋಗೇ!’
ಈ ಮಾತನ್ನು ಇಂಗ್ಲಿಷಿನಲ್ಲಿ ಹೇಗೆ ಬಯ್ಯುವುದು?
ಇವರಲ್ಲಿ ಎರಡಕ್ಕೂ ಬೇರೆ ಬೇರೆ ಪದ, ಬೇರೆ ಬೇರೆ ಕೋಣೆ.
ನಮ್ಮಲ್ಲಿ ಒಂದೇ ಪದ, ಅದರೊಳಗೇ ಜಗಳ.
ಪಿಯುಸಿಯಲ್ಲಿ ನಾನೂ ಡುಮ್ಕಿ ಹೊಡೆದವಳು.

ಗುರುವಾರ ಬ್ರೇಡನ್ ಬಂದ.
ಒಂದು ಪ್ರಿಂಟ್ ತೆಗೆದುಕೊಳ್ಳಲಾ ಮಿಸ್?
ಉಬ್ಬರವಿಳಿತದ ಪಟ್ಟಿ, ಇಡೀ ತಿಂಗಳದ್ದು.
ತಾತನ ಕಣ್ಣು ಮಂಜಾಗಿದೆ.
ದೋಣಿ ಮಾರಿ ಹನ್ನೊಂದು ವರ್ಷ, ಆದರೂ ರಾತ್ರಿ
ನೀರು ಎಷ್ಟು ಹೊತ್ತಿಗೆ ಏರುತ್ತದೆ, ಗಾಳಿ ಯಾವ ಕಡೆ,
ಪೇಪರಿನಲ್ಲಿ ಯಾರ್‍ಯಾರು ತೀರಿಕೊಂಡರು,
ಎಲ್ಲ ಕೇಳಿಯೇ ಮಲಗುವುದು.
‘ಗಟ್ಟಿಯಾಗಿ ಹೇಳ್ಬೇಕು. ತಪ್ಪಿದ್ರೆ ಮೊದಲಿಂದ.’
ಎಷ್ಟು ಹೊತ್ತು?
‘ಗೊರಕೆ ಶುರುವಾಗೋವರೆಗೆ. ಮುಕ್ಕಾಲು ಗಂಟೆ?’
ಮತ್ತೆ ಸೊನ್ನೆ ಯಾಕೆ ಬರೆದೆ?
ನನ್ನನ್ನು, ಪಾಪ ಇವಳಿಗೆ ಗೊತ್ತಾಗಲ್ಲ ಎಂಬಂತೆ ನೋಡಿದ.
‘ಅದು ಓದೋದಲ್ಲ ಮಿಸ್. ಅದು ತಾತ.’

ಹಾಳೆ ಇನ್ನೂ ನನ್ನ ಡ್ರಾಯರಿನಲ್ಲಿದೆ, ರಬ್ಬರೂ.
ಸೊನ್ನೆ ಅಳಿಸಿ ನಲವತ್ತೈದು ಎಂದು ತಿದ್ದಿದರೆ
ಗೋಡೆಯ ಗೆರೆ ಕೊಂಚ ಬಾಗುತ್ತದೆ,
ಮೇಡಮ್ಮಿನ ಹುಬ್ಬೂ.

ಬಿಸಿ ಬಿಸಿ ಕಾಗದ ಮಡಚಿ ಅವನು ಹೋದ.
ತಪ್ಪಿ ಎರಡು ಪ್ರತಿ ಬಂದಿತ್ತು. ಒಂದು ನನ್ನ ಬಳಿ.
ಬಾಗಿಲು ಹಾಕುವ ಮುನ್ನ ಗಟ್ಟಿಯಾಗಿ ಹೇಳಿಕೊಂಡೆ:
ನಾಳೆ ಐದು ನಲವತ್ತೆರಡಕ್ಕೆ,
ಆರೂಮುಕ್ಕಾಲು ಮೀಟರು.