ಕಪ್ಪು ಚೌಕ

ಮಂಗಳವಾರ ಹನ್ನೊಂದಕ್ಕೆ ವಿಡಿಯೊ ಮೀಟಿಂಗು.
ಲೆಕ್ಕ ಬರೆಯುವವಳು ನಾನು, ಕರೆದರೆ ಸೇರಬೇಕು,
ನನ್ನದೇ ಫೋನು, ನನ್ನದೇ ಡೇಟಾ,
ಕ್ಯಾಮೆರಾ ಬಂದ್, ಮೈಕ್ ಬಂದ್,
ಕೇಳಿದಾಗ ಮಾತ್ರ ಅಂಕಿ ಹೇಳಬೇಕು.
ಕೆಳಗೆ ಕೌಲ್ ಬಜಾರಿನ ಶೆಡ್ಡಿನಲ್ಲಿ
ನಲವತ್ತು ಮಷಿನ್ನು ಜೀನ್ಸಿನ ಕಾಲು ಹೊಲಿಯುತ್ತಿದ್ದವು.
ಮೇಲೆ ನನ್ನ ಚಹಾದಲ್ಲಿ ಸಣ್ಣಗೆ ನಡುಕ.

ಸಾಹುಕಾರರ ಅಳಿಯ ಮೊದಲೇ ಹೇಳಿಬಿಟ್ಟರು:
"ಹೊಸ ಸೆಟ್ಟಿಂಗು ಹಾಕೀವಿ.
ಯಾರಿಗೂ ಸ್ಕ್ರೀನ್‌ಶಾಟ್ ತಗಿಯಾಕ ಬರಲ್ಲ.
ಇಲ್ಲಿದ್ದಿದ್ದು ಇಲ್ಲೇ."
ಆಮೇಲೆ ಪಟ್ಟಿ ಬಂತು.
ಕಾಜಾ ಹೊಲಿಯುವ ಹೊಸ ಮಷಿನ್ ಬಂದ ತಿಂಗಳು
ಬೇಡವಾಗುವವರು, ಒಂಬತ್ತು ಹೆಸರು.

ನನ್ನ ಹೆಬ್ಬೆರಳಿಗೆ ಬುದ್ಧಿ ಕಡಿಮೆ.
ಕೇಳದೆಯೇ ಎರಡು ಗುಂಡಿ ಒತ್ತಿತು.
ಉಳಿದದ್ದು ಒಂದು ಕಪ್ಪು ಚೌಕ,
ತಲೆಯ ಮೇಲೆ ಬ್ಯಾಟರಿ ಅರವತ್ತೆರಡು,
ಸಮಯ ಹನ್ನೊಂದು ಹದಿನೇಳು.
ಇನ್ನೊಂದು ಫೋನಿದ್ದರೆ ಎದುರಿಗೆ ಹಿಡಿದು ಹೊಡೆಯಬಹುದಿತ್ತು.
ಎರಡು ಫೋನಿನವರಿಗೆ ಈ ಬೀಗ ಬೀಗವೇ ಅಲ್ಲ.
ನನ್ನ ಹತ್ತಿರ ಇರುವುದೊಂದೇ,
ಅದರಲ್ಲೇ ಮೀಟಿಂಗು.

ಆದರೆ ಓದಿಯಾಗಿತ್ತು.
ಓದಿದ್ದನ್ನು ಕಪ್ಪು ಮಾಡುವ ಸೆಟ್ಟಿಂಗು ಇನ್ನೂ ಬಂದಿಲ್ಲ.
ಎರ್ರಿಸ್ವಾಮಿ ಎಂದಾಗ ಅವನ ಉಗುರು ಬಂತು,
ಯುಗಾದಿಯ ಎಣ್ಣೆಸ್ನಾನಕ್ಕೂ ಬಿಡದ ನೀಲಿ.
ಮಾಬುನ್ನಿ ಎಂದಾಗ ಹಲ್ಲಲ್ಲಿ ದಾರ ಕಡಿಯುವ ಸದ್ದು.
ಗಾದಿಲಿಂಗ, ಮುಂಗಡ ಕೇಳುವ ಮೊದಲು ಮೂರು ಸಲ ಕೆಮ್ಮುವವ.
ಉರುಕುಂದಪ್ಪ. ಹೊನ್ನೂರಮ್ಮ. ಹೊನ್ನೂರಮ್ಮನ ತಂಗಿ,
ಅಯ್ಯೋ, ಒಂದೇ ಮನೆಯ ಇಬ್ಬರೂ.
ಹನ್ನೊಂದು ವರ್ಷ ಸಂಬಳದ ವಹಿಯಲ್ಲಿ
ನನ್ನ ಕೈಯಾರೆ ಬರೆದ ಹೆಸರುಗಳು.

ಸಂಜೆ ಚಪ್ಪಲಿ ಮೆಟ್ಟಿ ಹೊರಟೆ.
ಫೋಟೊ ಸಿಕ್ಕಿದ್ದರೆ ಇಷ್ಟು ನಡೆಯುತ್ತಿರಲಿಲ್ಲ, ನಿಜ ಹೇಳುತ್ತೇನೆ,
ಗ್ರೂಪಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ.
ಮಾಬುನ್ನಿ ನೋಡುವ ಮೊದಲೇ
ಅವಳಿಗೆ ಅಕ್ಕಿ ಉದ್ರಿ ಕೊಡುವ ಅಂಗಡಿಯವ ನೋಡುತ್ತಿದ್ದ,
ಅವಳ ಮಗಳನ್ನು ಕೇಳಲು ಬಂದ ಬೀಗರು ನೋಡುತ್ತಿದ್ದರು.
ಅಷ್ಟರ ಮಟ್ಟಿಗೆ ಅಳಿಯನ ಬೀಗಕ್ಕೆ ಶರಣು.
ಹೊಸ್ತಿಲಲ್ಲಿ ನಿಂತು ಹೇಳಬೇಕಾಯಿತು,
ಒಬ್ಬೊಬ್ಬರ ಮುಖ ನೋಡಿ.
ಎರ್ರಿಸ್ವಾಮಿ ಏನೂ ಅನ್ನಲಿಲ್ಲ, ಕುಡಿಯಲು ನೀರು ಕೊಟ್ಟ.
ಹೊನ್ನೂರಮ್ಮ ನಕ್ಕಳು. ಆ ನಗು ಬೇಡವಾಗಿತ್ತು.

ಐದನೆಯ ಮನೆ ಮುಟ್ಟುವಷ್ಟರಲ್ಲಿ
ಗಾದಿಲಿಂಗ ಸಾಹುಕಾರರಿಗೇ ಫೋನು ಹಚ್ಚಿದ್ದ.
ಸ್ಪೀಕರಿನಲ್ಲಿ ಅಳಿಯನ ದನಿ, ಬೆಣ್ಣೆಯಂಥದು:
"ಯಾವ ಪಟ್ಟಿ? ಯಾರಂದ್ರು?
ಇದ್ರ ತೋರ್ಸಾಕ ಹೇಳು."
ಎಲ್ಲರೂ ನನ್ನ ಕಡೆ ನೋಡಿದರು.
ತೋರಿಸಿದೆ. ಕಪ್ಪು ಚೌಕ.
ಉರುಕುಂದಪ್ಪ ಫೋನನ್ನು ತಿರುಗಿಸಿ ತಿರುಗಿಸಿ
ದೀಪದ ಕೆಳಗೆ ಹಿಡಿದು ನೋಡಿದ,
ಬಟ್ಟೆಯ ಒಳಮೈಯಲ್ಲಿ ಹೊಲಿಗೆ ಹುಡುಕುವ ಹಾಗೆ.

ಗುಟ್ಟು ಮಿಲ್ಲರ್‌ಪೇಟೆಯ ಓಣಿ ದಾಟಿ ಆರಾಮಾಗಿ ನಡೆದಿತ್ತು;
ಬೀಗ ಬಿದ್ದದ್ದು ಸಾಕ್ಷಿಯ ಬಾಯಿಗೆ.

ಎಂಟು ಮನೆ ಮುಗಿದವು.
ಒಂಬತ್ತನೆಯದು, ಪಟ್ಟಿಯ ಕೊನೆಯ ಸಾಲು,
ದುರುಗಪ್ಪನೋ ದುರುಗಮ್ಮನೋ.
ಸಂಬಂಧಿಕರಲ್ಲ, ಎದುರುಬದುರು ಮನೆ ಅಷ್ಟೆ,
ಬೆಲ್ಟಿನ ಲೂಪು ಹಚ್ಚುವ ಒಂದೇ ಬೆಂಚಿನವರು.
'ದುರು' ತನಕ ಕಣ್ಣಿಗೆ ಕಟ್ಟಿದೆ,
ಮುಂದಿನದು ಅಲ್ಲಾಡುತ್ತಿದೆ.
ಓಣಿಯ ನಡುವೆ ನಿಂತೆ.
ತಪ್ಪು ಬಾಗಿಲು ಬಡಿದರೆ
ಇಲ್ಲದ ನೋವನ್ನು ಹಂಚಿಬಂದಂತೆ;
ಬಡಿಯದೆ ಹೋದರೆ ನಾನೂ ಅಳಿಯನೇ.

ಅಷ್ಟರಲ್ಲಿ ದುರುಗಮ್ಮ ನೀರು ಚೆಲ್ಲಲು ಹೊರಗೆ ಬಂದಳು.
"ಏನಕ್ಕಾ, ನಮ್ಮ ಓಣ್ಯಾಗ?
ಮಿರ್ಚಿ ಹಾಕೀನಿ, ಬಾ ಒಳಗ."
ಹಿಂದೆ ಎದುರು ಮನೆಯ ಬಾಗಿಲೂ ತೆರೆದ ಸದ್ದಾಯಿತು.